ಗತ್ತು ದೊಡ್ಡದೋ, ಪಟ್ಟು ದೊಡ್ಡದೋ?

(ಸಂಘದ ಸಂಸ್ಥಾಪನಾ ದಿನಾಚರಣೆಯ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಸ್ಥಾಪನಾ ದಿನದ ಭಾಷಣವೆಂದರೆ ಪಂಪನಿಂದಲೋ ಬಸವಣ್ಣನವರಿಂದಲೋ ಆರಂಭವಾಗಬೇಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಈ ಸಲ ನಾವು ಆ ರೂಢಿಯನ್ನು ಸ್ವಲ್ಪ ಸಡಿಲಿಸಿ ಕುಸ್ತಿಯ ವಿಷಯ ಎತ್ತಿಕೊಂಡಿದ್ದೇವೆ. ಅದೂ ಒಲಿಂಪಿಕ್ಸ್ ಕುಸ್ತಿಯಲ್ಲ. ಬೆಳಕು, ಹೊಗೆ, ಹಾಡು, ಹೂಂಕಾರಗಳೊಡನೆ ಟಿ.ವಿ.ಯಲ್ಲಿ ಬರುವ ವೃತ್ತಿಪರ ಕುಸ್ತಿ. ಹಿರಿಯರು ಕೆಲವರು ಹುಬ್ಬೇರಿಸಿದ್ದು ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಾಳ್ಮೆಯಿರಲಿ. ರನ್ನನೂ ಬರುತ್ತಾನೆ, ಯಕ್ಷಗಾನವೂ ಬರುತ್ತದೆ. ನಾವು ಹಿಡಿದಿರುವ ದಾರಿ ಮಾತ್ರ ಗರಡಿ ಮನೆಯದು.

ವಿಷಯ ಹುಟ್ಟಿದ್ದು ನಮ್ಮ ಮನೆಗಳಲ್ಲೇ. ರೂವಿ, ವಾದಿ ಕಬೀರ್, ಅಲ್ ಖುವೈರ್, ಎಲ್ಲಿನ ಕನ್ನಡಿಗರ ಮನೆಗೆ ಹೋದರೂ ಮೊಬೈಲಿನಲ್ಲಿ ಡಬ್ಲ್ಯೂ.ಡಬ್ಲ್ಯೂ.ಇ. ನೋಡುತ್ತಾ ಕುಳಿತ ಒಂದು ಮಗು ಕಣ್ಣಿಗೆ ಬೀಳುತ್ತದೆ. "ಇದೆಲ್ಲ ನಾಟಕ ಕಣೋ, ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ" ಎಂದು ಅಪ್ಪ ಹೇಳುತ್ತಾರೆ. "ಗೊತ್ತಪ್ಪಾ, ಆದರೆ ಅವನು ಬಂದ ಕೂಡಲೇ ಅಷ್ಟು ಜನ ಯಾಕೆ ಎದ್ದು ನಿಲ್ಲುತ್ತಾರೆ?" ಎಂದು ಮಗ ಕೇಳುತ್ತಾನೆ. ಅಪ್ಪನ ಬಳಿ ಉತ್ತರವಿಲ್ಲ. ಯಾಕೆಂದರೆ 1990ರ ದಶಕದಲ್ಲಿ ದಾವಣಗೆರೆಯಲ್ಲೋ ಉಡುಪಿಯಲ್ಲೋ ಶಾಲೆಯ ಬೆಂಚಿನ ಕೆಳಗೆ ಡಬ್ಲ್ಯೂ.ಡಬ್ಲ್ಯೂ.ಎಫ್. ಟ್ರಂಪ್ ಕಾರ್ಡ್ ಆಡಿದ್ದ ಹುಡುಗನೇ ಇಂದಿನ ಈ ಅಪ್ಪ! ಆ ಹೆಸರು 2002ರಲ್ಲಿ ಡಬ್ಲ್ಯೂ.ಡಬ್ಲ್ಯೂ.ಇ. ಎಂದಾಯಿತು, ಅಷ್ಟೆ. ಆ ಕಾರ್ಡುಗಳನ್ನು ನೆನಪಿಸಿಕೊಳ್ಳಿ. ರ‍್ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ, ಎಲ್ಲಕ್ಕೂ ಒಂದೊಂದು ಸಾಲು. ಜನ ಯಾಕೆ ಎದ್ದು ನಿಲ್ಲುತ್ತಾರೆ ಎಂಬುದಕ್ಕೆ ಮಾತ್ರ ಸಾಲೇ ಇರಲಿಲ್ಲ. ಆದರೂ ರ‍್ಯಾಂಕ್ ಏನೇ ಇರಲಿ, ಪ್ರತಿ ಹುಡುಗನಿಗೂ ಕೈಬಿಡಲು ಮನಸ್ಸೊಪ್ಪದ ಒಂದು ಕಾರ್ಡು ಇದ್ದೇ ಇರುತ್ತಿತ್ತು.

ಆ ಕಾಣದ ಸಾಲಿಗೆ ಕನ್ನಡದಲ್ಲಿ ಹೆಸರಿಲ್ಲವೆಂದು ಯಾರೂ ತಿಳಿಯಬೇಡಿ. ಪುಸ್ತಕದ ಮಾತಿನಲ್ಲಿ ವರ್ಚಸ್ಸು ಎನ್ನುತ್ತೇವೆ. ಮನೆಯ ಮಾತಿನಲ್ಲಿ ಕಳೆ ಎನ್ನುತ್ತೇವೆ. ಬೀದಿಯಲ್ಲಿ ಅದಕ್ಕೆ ಗತ್ತು ಎಂದು ಹೆಸರು. ಇನ್ನೊಂದು ಕಡೆ ಕಲಿತು, ಬೆವರಿಳಿಸಿ, ಬಿದ್ದು ಎದ್ದು ಸಂಪಾದಿಸಿದ ವಿದ್ಯೆಯಿದೆ. ಗರಡಿಯಲ್ಲಿ ಅದಕ್ಕೆ ಪಟ್ಟು ಎನ್ನುತ್ತಾರೆ. ಕುಸ್ತಿಯ ತಾರೆಯನ್ನು ಮಾಡುವುದು ಗತ್ತೋ ಪಟ್ಟೋ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಬಿಡಿಸಿ ನೋಡಬೇಕೆಂದಿದ್ದೇವೆ.

ಮೊದಲು ಊರಿಗೆ ಹೋಗಿಬರೋಣ. ಗರಡಿ ಎಂದರೆ ಕರಾವಳಿಯವರಿಗೆ ಕೋಟಿ-ಚೆನ್ನಯರ ಗುಡಿ ನೆನಪಾಗುತ್ತದೆ. ಮೈಸೂರಿನವರಿಗೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಆಂಜನೇಯ, ಗೋಡೆಗೆ ಒರಗಿಸಿದ ಗದೆಗಳು ಕಣ್ಣ ಮುಂದೆ ಬರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಜಾತ್ರೆಯ ಗೋಡೆಗಳ ಮೇಲಿನ 'ಜಂಗೀ ನಿಕಾಲಿ ಕುಸ್ತಿ' ಎಂಬ ದಪ್ಪಕ್ಷರದ ಪೋಸ್ಟರು ನೆನಪಾಗುತ್ತದೆ. ಕುಸ್ತಿ ನಮಗೆ ಟಿ.ವಿ.ಯವರು ಕೊಟ್ಟದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಮಲ್ಲರನ್ನು ಹೇಗೆ ವಿಂಗಡಿಸಬೇಕು, ಏನು ಉಣಿಸಬೇಕು, ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಸಾಮು ಇವೆಲ್ಲವನ್ನೂ ಹೇಗೆ ಮಾಡಿಸಬೇಕು ಎಂಬ ವಿವರವೆಲ್ಲ ಅಲ್ಲಿದೆ. ಆದರೆ ಆ ಭಾಗದ ಹೆಸರನ್ನು ಗಮನಿಸಿ: 'ಮಲ್ಲವಿನೋದ'. ಅರಸನಿಗೂ ಪ್ರಜೆಗಳಿಗೂ ವಿನೋದ! ಅಂದರೆ ನೋಡುವವರಿಲ್ಲದೆ ಮಲ್ಲನಿಲ್ಲ ಎಂಬುದು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮವರಿಗೆ ತಿಳಿದಿತ್ತು.

ಅಪ್ಪಟ ಕುಸ್ತಿಯಲ್ಲೂ ಗತ್ತು ಇಲ್ಲದಿಲ್ಲ. ಮೈಸೂರು ದಸರೆಯಲ್ಲಿ ದೊಡ್ಡಕೆರೆ ಮೈದಾನದ ಕಣದಲ್ಲಿ ನಡೆಯುವ ಕುಸ್ತಿಯನ್ನು ನೋಡಿದವರು ಹೇಳಲಿ. ಪೈಲ್ವಾನ್ ಮಟ್ಟಿಗೆ ಇಳಿಯುವ ಮೊದಲು ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಒಂದು ಸುತ್ತು ಹಾಕುತ್ತಾನೆ. ತೊಡೆ ತಟ್ಟುತ್ತಾನೆ. ಆ ಸದ್ದಿಗೆ ಕೊನೆಯ ಸಾಲಿನ ಅಜ್ಜನೂ ಬೀಡಿ ಕೆಳಗಿಟ್ಟು ನೆಟ್ಟಗೆ ಕೂರುತ್ತಾನೆ. ತೊಡೆ ತಟ್ಟಿದ ಮಾತ್ರಕ್ಕೆ ಎದುರಾಳಿ ಬೀಳುವುದಿಲ್ಲ, ನಿಜ. ಆದರೆ ತೊಡೆ ತಟ್ಟದೆ ಇಳಿದವನನ್ನು ಜನ ನೋಡುವ ರೀತಿಯೇ ಬೇರೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನೂ ನೆನೆಯಿರಿ. ತಲೆಯಿಂದ ರಕ್ತದ ಒಂದು ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲವೂ ಮುಗಿಯುವುದುಂಟು. ಹೇಗೆ ಮುಗಿಯುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತು. ಆದರೂ ಜನ ಮುಗಿಬಿದ್ದು ನೋಡುತ್ತಾರೆ.

ಬರೀ ಪಟ್ಟೇ ಸಾಕು, ಗತ್ತು ಬೇಡ ಎಂದರೆ ಏನಾಗುತ್ತದೆ? ಇದಕ್ಕೆ ಲಂಡನ್ನಿನ ಒಂದು ಉದಾಹರಣೆಯಿದೆ. 1910ರ ಸೆಪ್ಟೆಂಬರ್ 10ರಂದು ನಮ್ಮ ದೇಶದ ಗಾಮಾ ಪೈಲ್ವಾನ್ ಪೋಲೆಂಡಿನ ಜ್ಬಿಸ್ಕೊ ಎಂಬ ಜಗಜಟ್ಟಿಯೊಡನೆ ಸೆಣಸಿದ. ಗಾಮಾನ ಹಿಡಿತದ ರುಚಿ ಕಂಡ ಜ್ಬಿಸ್ಕೊ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟ. ಒಂದಲ್ಲ, ಎರಡು ಗಂಟೆಗೂ ಮೀರಿ! ಗಾಮಾನಿಗೆ ಎಬ್ಬಿಸಲಾಗಲಿಲ್ಲ, ಅವನು ಏಳಲಿಲ್ಲ. ಹಣ ಕೊಟ್ಟು ಬಂದ ಜನ ಬೇಸತ್ತರು. ಒಂದು ವಾರದ ನಂತರ ಮತ್ತೆ ಆಡಬೇಕಾಗಿದ್ದ ಪಂದ್ಯಕ್ಕೆ ಜ್ಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷ ಕಳೆಯುವುದರೊಳಗೆ ಅವನನ್ನು ಚಿತ್ ಮಾಡಿದ. ಕುಸ್ತಿ ಬಲ್ಲವರಿಗೆ ಈ ಎರಡೂ ದೊಡ್ಡ ಪಂದ್ಯಗಳು. ಟಿಕೆಟ್ ಮಾರುವವನಿಗೆ ಮಾತ್ರ ಒಂದು ಅತಿ ಉದ್ದ, ಇನ್ನೊಂದು ಅತಿ ಗಿಡ್ಡ.

ಟಿಕೆಟ್ ಮಾರುವವರು ಸುಮ್ಮನೆ ಕೂರಲಿಲ್ಲ. 1920ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಪಂದ್ಯಗಳಿಗೆ ಕಾಲಮಿತಿ ಬಂತು, ಹಾರಾಟ ಎಸೆದಾಟ ಬಂತು, ಯಾರು ಗೆಲ್ಲಬೇಕೆಂಬ ಏರ್ಪಾಡು ಗಟ್ಟಿಯಾಯಿತು. ಆಮೇಲೆ ಟೆಲಿವಿಷನ್ ಕಾಲದಲ್ಲಿ ಗಾರ್ಜಿಯಸ್ ಜಾರ್ಜ್ ಎಂಬಾತ ಬಂದ. ಗುಂಗುರು ಮಾಡಿದ ಹೊಂಬಣ್ಣದ ಕೂದಲು, ಜರಿಯ ನಿಲುವಂಗಿ, ಮುಂದೆ ಮುಂದೆ ಸುಗಂಧ ಚಿಮುಕಿಸುವ ಆಳು. ಇವನು ಸೋಲುವುದನ್ನು ನೋಡಬೇಕೆಂದೇ ಜನ ಹಣ ಕೊಟ್ಟು ಬಂದರು. 1961ರಲ್ಲಿ ಲಾಸ್ ವೇಗಸ್ಸಿನಲ್ಲಿ ಅವನ ಬಡಾಯಿಯನ್ನು ಕಣ್ಣಾರೆ ಕಂಡ ಒಬ್ಬ ತರುಣ ಬಾಕ್ಸರ್ ಆ ವಿದ್ಯೆಯನ್ನು ಕಲಿತುಕೊಂಡ. ಆತನೇ ಮುಂದೆ ಮುಹಮ್ಮದ್ ಅಲಿ ಎಂದು ಜಗತ್ತಿಗೆಲ್ಲ ಪರಿಚಿತನಾದ. ಗತ್ತೂ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವ ವಿದ್ಯೆಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ನಾಡಿನಲ್ಲಿ ಈ ಮಾತಿಗೆ ದಾರಾಸಿಂಗ್ ಇದ್ದಾರೆ. ಕನ್ನಡಿಗರ ಮನೆಯಲ್ಲಿ ಹುಡುಗ ಸ್ವಲ್ಪ ಎದೆ ಸೆಟೆಸಿ ನಡೆದರೆ "ದೊಡ್ಡ ದಾರಾಸಿಂಗ್ ಬಂದ ನೋಡು" ಎಂದು ಅಜ್ಜಿ ಛೇಡಿಸುತ್ತಿದ್ದರು. ಆ ಅಜ್ಜಿ ಒಂದು ಕುಸ್ತಿಯನ್ನೂ ನೋಡಿದವರಲ್ಲ. ಗಾದೆಯ ಮಾತಾಗಿ ಮನೆಯ ಒಳಗೆ ಬರುವುದೇ ತಾರೆಯ ಲಕ್ಷಣ. ನಮ್ಮಂಥವರಿಗೆ ಹತ್ತಿರವಾಗುವ ಸಂಗತಿ ಇನ್ನೊಂದಿದೆ. ಪಂಜಾಬಿನ ಹಳ್ಳಿಯ ದಾರಾಸಿಂಗ್ 1940ರ ದಶಕದ ಕೊನೆಗೆ ಹೊಟ್ಟೆಪಾಡಿಗೆಂದು ಸಿಂಗಪುರಕ್ಕೆ ಹೋದವರು. ಅಲ್ಲಿ ಡ್ರಮ್ಮು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಾ ಕುಸ್ತಿಯ ತರಬೇತಿ ಪಡೆದರು. ಪರದೇಶದಲ್ಲಿ ಹಗಲು ದುಡಿದು ಉಳಿದ ವೇಳೆಯಲ್ಲಿ ತನ್ನ ವಿದ್ಯೆ ಉಳಿಸಿಕೊಳ್ಳುವುದು ಎಂಥದೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. 1959ರಲ್ಲಿ ಕಲ್ಕತ್ತೆಯಲ್ಲಿ ಜಾರ್ಜ್ ಗಾರ್ಡಿಯೆಂಕೊ ಎಂಬಾತನನ್ನು ಮಣಿಸಿ ಕಾಮನ್‌ವೆಲ್ತ್ ಪಟ್ಟ ಪಡೆದರು. 1968ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಗೆದ್ದರು. ಥೆಜ್ ಎಂದರೆ ಪಟ್ಟುಗಳ ವಿಶ್ವಕೋಶದಂಥವನು.

ದಾರಾಸಿಂಗರಲ್ಲಿ ಬಡಾಯಿ ಇರಲಿಲ್ಲ. ಗಾರ್ಜಿಯಸ್ ಜಾರ್ಜ್‌ನಂತೆ ಸುಗಂಧ ಚಿಮುಕಿಸಲಿಲ್ಲ. ಅವರ ಗತ್ತು ಅಗಲವಾದ ಎದೆಯ ಮೇಲೆ ಒಂದು ಸೌಮ್ಯವಾದ ನಗೆ, ಅಷ್ಟೆ. 'ಕಿಂಗ್ ಕಾಂಗ್' ಎಂದೇ ಹೆಸರಾಗಿದ್ದ ಮಹಾಕಾಯನ ಎದುರು ಆ ನಗೆ ನಿಂತಾಗ, ಇವನು ನಮ್ಮವನು ಎಂದು ಜನಕ್ಕೆ ಅನಿಸಿತು. ಮುಂದೆ ಸಿನಿಮಾ ಬಂತು. 1987ರಲ್ಲಿ ದೂರದರ್ಶನದ ರಾಮಾಯಣ ಆರಂಭವಾದಾಗ ಆಂಜನೇಯನ ಪಾತ್ರಕ್ಕೆ ಇನ್ನೊಬ್ಬರನ್ನು ಯೋಚಿಸುವುದೇ ಕಷ್ಟವಾಯಿತು. ಗರಡಿಯ ಮೂಲೆಯಲ್ಲಿ ಪೂಜೆಗೊಳ್ಳುವ ದೇವರ ವೇಷವನ್ನು ಗರಡಿಯ ಆಳೇ ಹಾಕಿದ್ದು! 2003ರಿಂದ 2009ರವರೆಗೆ ರಾಜ್ಯಸಭೆಯಲ್ಲಿದ್ದರು. 2012ರಲ್ಲಿ ತೀರಿಕೊಂಡರು. ಅವರ ಪಟ್ಟುಗಳ ಹೆಸರು ಹೇಳಿ ಎಂದರೆ ಈ ಸಭೆಯಲ್ಲಿ ಒಬ್ಬರೂ ಹೇಳಲಾರರು. ಅವರ ನಗೆಯನ್ನು ಮರೆತವರೂ ಇಲ್ಲ.

ಹಾಗಾದರೆ ಗತ್ತೇ ಗೆದ್ದಿತೇ? ಒಂದೇ ರಾತ್ರಿಯ ಎರಡು ಪಂದ್ಯಗಳನ್ನು ತೂಗಿ ನೋಡೋಣ. 1987ರ ಮಾರ್ಚ್ 29ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮೂರನೆಯ ರೆಸಲ್‌ಮೇನಿಯಾ ನಡೆಯಿತು. ಒಂದು ಪಂದ್ಯದಲ್ಲಿ ರಿಕಿ ಸ್ಟೀಮ್‌ಬೋಟ್ ಮತ್ತು ರ‍್ಯಾಂಡಿ ಸ್ಯಾವೇಜ್. ಹೆಜ್ಜೆ ಹೆಜ್ಜೆಯನ್ನೂ ಬರೆದು ಬಾಯಿಪಾಠ ಮಾಡಿ ಬಂದ ಇಬ್ಬರು ಕಸುಬುದಾರರು. ಇಂದಿಗೂ ಕುಸ್ತಿ ಕಲಿಯುವವರು ಆ ಪಂದ್ಯವನ್ನು ಪಾಠದಂತೆ ನೋಡುತ್ತಾರೆ. ಅದೇ ರಾತ್ರಿಯ ಕೊನೆಯ ಪಂದ್ಯದಲ್ಲಿ ಹಲ್ಕ್ ಹೋಗನ್ ಮತ್ತು ಆಂದ್ರೆ ದ ಜೈಂಟ್. ಆಂದ್ರೆಯ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಸರಾಗವಾಗಿ ನಡೆಯುವುದೇ ಅವನಿಗೆ ಕಷ್ಟ. ಪಟ್ಟು ಎಂದು ಹೇಳುವಂಥದ್ದು ಬೆರಳೆಣಿಕೆ. ಆದರೆ ಹೋಗನ್ ಆ ಬೆಟ್ಟವನ್ನು ಎತ್ತಿ ಕೆಡವಿದ ಒಂದು ಕ್ಷಣವಿದೆಯಲ್ಲ, ಜಗತ್ತು ನೆನಪಿಟ್ಟುಕೊಂಡದ್ದು ಅದನ್ನು. 2025ರ ಜುಲೈನಲ್ಲಿ ಹೋಗನ್ ತೀರಿಕೊಂಡಾಗ ಎಲ್ಲರೂ ಮತ್ತೆ ನೆನೆದದ್ದೂ ಅದೇ ಕ್ಷಣವನ್ನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಂದ್ರೆಯಂಥ ಆಳು ತಾನಾಗಿ ಮನಸ್ಸು ಮಾಡದಿದ್ದರೆ ಅವನನ್ನು ಎತ್ತಲು ಯಾರಿಂದಲೂ ಆಗುತ್ತಿರಲಿಲ್ಲ. ಬೆನ್ನಿನ ನೋವನ್ನು ನುಂಗಿಕೊಂಡು ಆತ ತನ್ನ ಮೈಯನ್ನು ಎದುರಾಳಿಯ ಕೈಗೆ ಒಪ್ಪಿಸಿದ. ಹೋಗನ್‌ನ ಗತ್ತಿನ ಅರ್ಧ ಭಾಗ ಬಿದ್ದವನು ಕೊಟ್ಟ ದಾನ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮೊದಲು 'ಜೋಡಿ ಕಟ್ಟುವ' ಕಾರ್ಯ ನಡೆಯುತ್ತದೆ. ಪೈಲ್ವಾನರನ್ನು ಕರೆಸಿ, ಮೈಕಟ್ಟು, ತೂಕ, ಅನುಭವ ನೋಡಿ, ಯಾರಿಗೆ ಯಾರು ಸರಿ ಎಂದು ಹಿರಿಯರು ಜೋಡಿ ಗೊತ್ತುಮಾಡುತ್ತಾರೆ. ಎದುರಾಳಿಯನ್ನು ಜೋಡಿ ಎಂದು ಕರೆಯುವ ನಮ್ಮ ಮಾತು ಎಷ್ಟು ಅರ್ಥವತ್ತಾಗಿದೆ, ನೋಡಿ! ಒಳ್ಳೆಯ ಜೋಡಿ ಸಿಗದಿದ್ದರೆ ಎಂಥ ಪೈಲ್ವಾನನೂ ಬೆಳಗುವುದಿಲ್ಲ.

ಟಿ.ವಿ.ಯ ಕುಸ್ತಿಯಲ್ಲಿ ಈ ಮಾತು ಇನ್ನೂ ನಿಜ. ಅಲ್ಲಿ ಫಲಿತಾಂಶ ಮೊದಲೇ ಗೊತ್ತು, ಬೀಳುವುದು ಮಾತ್ರ ಸುಳ್ಳಲ್ಲ. ರಿಂಗಿನ ಕೆಳಗಿರುವುದು ಉಕ್ಕಿನ ಚೌಕಟ್ಟು, ಅದರ ಮೇಲೆ ಹಲಗೆ, ತೆಳುವಾದ ಮೆತ್ತೆ, ಕ್ಯಾನ್ವಾಸು. ಅಲ್ಲಿ ಮೊದಲು ಕಲಿಸುವ ಪಾಠ ಹೊಡೆಯುವುದಲ್ಲ, ಬೀಳುವುದು. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ತಾಗಬಾರದು, ಬೆನ್ನು ಪೂರ್ತಿ ಒಟ್ಟಿಗೆ ಬೀಳಬೇಕು, ಕೈಗಳನ್ನು ಬಡಿದು ಪೆಟ್ಟನ್ನು ಹಂಚಬೇಕು, ಉಸಿರು ಬಿಡಬೇಕು. ಮುಂದಿನ ಪಟ್ಟು ಯಾವುದೆಂದು ಕಿವಿಯಲ್ಲಿ ಪಿಸುಗುಟ್ಟಿಕೊಳ್ಳುತ್ತಾರೆ. ಗರಡಿಯಲ್ಲೂ ಸಾಮಿಗೆ ಮೊದಲು ಮಟ್ಟಿಯ ಮಣ್ಣನ್ನು ಅಗೆದು ಮೆದು ಮಾಡಿ, ಎಣ್ಣೆ ಅರಿಶಿನ ಬೆರೆಸುವುದು ಬೀಳುವವನ ಮೈ ಉಳಿಯಲೆಂದೇ. ಹಾಗಾಗಿ ರಿಂಗಿನ ವಿದ್ಯೆ ಎಂದರೆ ಎದುರಾಳಿಯನ್ನು ಸೋಲಿಸುವುದಲ್ಲ. ಕೊನೆಯ ಸಾಲಿನವನಿಗೆ ಮೂಳೆ ಮುರಿದಂತೆ ಕಾಣಿಸಿ, ಆ ಎದುರಾಳಿಯನ್ನು ಇಡಿಯಾಗಿ ಮನೆಗೆ ಕಳಿಸುವುದು.

ಆ ವಿದ್ಯೆ ಒಂದು ಕ್ಷಣ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳನ್ನು ಹೇಳುತ್ತೇವೆ. 1997ರ ಆಗಸ್ಟ್ 3ರಂದು ಓವನ್ ಹಾರ್ಟ್ ಎಂಬ ನುರಿತ ಕುಸ್ತಿಪಟು ಸ್ಟೀವ್ ಆಸ್ಟಿನ್‌ನನ್ನು ತಲೆಕೆಳಗಾಗಿ ಹಿಡಿದು ಕೆಡವಿದಾಗ ಆಸ್ಟಿನ್‌ನ ಕುತ್ತಿಗೆಗೆ ಪೆಟ್ಟಾಯಿತು. ಕೈಕಾಲು ಸ್ವಾಧೀನ ತಪ್ಪಿದವು. ಓವನ್ ಕಾಲ ಕಳೆಯಲೆಂದು ಜನರನ್ನು ಕೆಣಕುತ್ತಾ ಸುತ್ತಾಡಿದ. ಆಸ್ಟಿನ್ ಹೇಗೋ ತೆವಳಿ ಬಂದು, ಮೊದಲೇ ಗೊತ್ತುಮಾಡಿದ್ದಂತೆ ಗೆದ್ದ. ಅನಂತರ ಆಸ್ಟಿನ್ ಹಳೆಯ ಪಟ್ಟುಗಳನ್ನು ಬಹುಪಾಲು ಬಿಡಬೇಕಾಯಿತು. ಬರೀ ಗುದ್ದಾಟ, ನಡಿಗೆ, ನೋಟ. ಆದರೆ 1998ರ ಮಾರ್ಚಿನಲ್ಲಿ ಪಟ್ಟ ಗೆದ್ದದ್ದೂ, ಗಾಜು ಒಡೆಯುವ ಸದ್ದು ಕೇಳಿಸಿದೊಡನೆ ಜನ ಸಮುದ್ರದಂತೆ ಎದ್ದು ನಿಂತದ್ದೂ ಆ ಪೆಟ್ಟಿನ ನಂತರವೇ! ಪಟ್ಟು ಕಡಿಮೆಯಾದಾಗಲೇ ತಾರೆ ಪೂರ್ತಿ ಬೆಳಗಿತು. ಗತ್ತಿನ ಪಕ್ಷದವರಿಗೆ ಇದಕ್ಕಿಂತ ಬಲವಾದ ವಾದ ಸಿಗದು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಿ. 2003ರಲ್ಲಿ, 38ರ ಪ್ರಾಯಕ್ಕೇ, ಆತ ನಿವೃತ್ತನಾಗಬೇಕಾಯಿತು. ಮತ್ತೆ ಒಂದು ಪಂದ್ಯ ಆಡಿದ್ದು 2022ರಲ್ಲಿ.

ಎರಡನೆಯದು 1999ರ ಡಿಸೆಂಬರಿನದು. ಬಿಲ್ ಗೋಲ್ಡ್‌ಬರ್ಗ್ ಫುಟ್‌ಬಾಲ್ ಬಿಟ್ಟು ಕುಸ್ತಿಗೆ ಬಂದವನು. ಸ್ವಲ್ಪವೇ ಕಾಲದಲ್ಲಿ ಸೋಲನ್ನೇ ಕಾಣದ ಸರದಾರನಾಗಿ, ನಡೆದು ಬರುವ ಠೀವಿಯಿಂದಲೇ ತಾರೆಯಾದವನು. ಎದುರಿಗೆ ಬ್ರೆಟ್ ಹಾರ್ಟ್. ತಂದೆಯ ಮನೆಯ ನೆಲಮಾಳಿಗೆಯಲ್ಲಿ ಪಟ್ಟು ಕಲಿತು ಬೆಳೆದವನು, ಎದುರಾಳಿಗೆ ಪೆಟ್ಟು ಮಾಡದಿರುವುದೇ ತನ್ನ ಹೆಮ್ಮೆ ಎಂದು ಹೇಳಿಕೊಂಡವನು. ಗೋಲ್ಡ್‌ಬರ್ಗ್‌ನ ಒಂದು ಒದೆ ಬ್ರೆಟ್‌ನ ತಲೆಗೆ ನಿಜವಾಗಿಯೇ ಬಿತ್ತು. ಮಿದುಳಿಗೆ ಪೆಟ್ಟಾಗಿ ಮರುವರ್ಷವೇ ಬ್ರೆಟ್‌ನ ವೃತ್ತಿ ಮುಗಿಯಿತು. ಬೇಕೆಂದು ಮಾಡಿದ್ದಲ್ಲ, ಗೋಲ್ಡ್‌ಬರ್ಗ್ ಆ ಬಗ್ಗೆ ಬಹಿರಂಗವಾಗಿ ನೊಂದುಕೊಂಡದ್ದೂ ಉಂಟು. ಆದರೂ ಸತ್ಯ ಸತ್ಯವೇ. ಗತ್ತಿನಷ್ಟು ಪಟ್ಟು ಬೆಳೆಯದಿದ್ದರೆ ಅದರ ಬೆಲೆಯನ್ನು ತೆರುವವನು ಎದುರಿಗಿರುವವನು.

ಮಕ್ಕಳು ನಮ್ಮ ಖಲಿಯನ್ನು ಮರೆತಿರಾ ಎಂದು ಕೇಳುತ್ತಾರೆ. ಮರೆತಿಲ್ಲ. ಹಿಮಾಚಲದ ಹಳ್ಳಿಯಿಂದ ಬಂದು ಪಂಜಾಬ್ ಪೊಲೀಸಿನಲ್ಲಿದ್ದ ಏಳಡಿ ಮೀರಿದ ಆಳು 2007ರಲ್ಲಿ ವಿಶ್ವ ಹೆವಿವೇಟ್ ಪಟ್ಟ ಗೆದ್ದಾಗ ನಮಗೂ ಹೆಮ್ಮೆಯಾಗಿತ್ತು. ಎತ್ತರ ಬಾಗಿಲು ತೆರೆಸಿತು. ಮುಂದೆ ಜಲಂಧರದಲ್ಲಿ ತರಬೇತಿ ಶಾಲೆ ತೆರೆದು ಹೊಸಬರಿಗೆ ಬೀಳುವುದನ್ನೂ ಏಳುವುದನ್ನೂ ಕಲಿಸಲು ಮುಂದಾದರಲ್ಲ, ಅದು ಎತ್ತರಕ್ಕಿಂತ ದೊಡ್ಡ ಕೆಲಸ ಎಂದು ನಮ್ಮ ಅಭಿಪ್ರಾಯ.

ಈಗ ಯಕ್ಷಗಾನಕ್ಕೆ ಬರೋಣ. ಕರಾವಳಿಯ ಬಂಧುಗಳು ಕಾಯುತ್ತಿದ್ದಾರೆ. ಮೇಳದಲ್ಲಿ ಭೀಮ ಗೆಲ್ಲುತ್ತಾನೆ, ಕೀಚಕ ಸಾಯುತ್ತಾನೆ ಎಂಬುದು ಎಳೆಯ ಮಗುವಿಗೂ ಗೊತ್ತು. ಅಲ್ಲಿಯೂ ಫಲಿತಾಂಶ ಮೊದಲೇ ಗೊತ್ತಿರುವ ಆಟ! ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ನೋಡಲು ಜನ ನಿದ್ದೆಗೆಟ್ಟು ಮೈಲಿಗಟ್ಟಲೆ ನಡೆದು ಬರುತ್ತಿದ್ದರು. 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ನಮ್ಮನ್ನು ಅಗಲಿದ ಆ ಹಿರಿಯರಲ್ಲಿ ಗತ್ತು ಎಲ್ಲಿ ಮುಗಿದು ಹೆಜ್ಜೆಗಾರಿಕೆ ಎಲ್ಲಿ ಆರಂಭವಾಗುತ್ತಿತ್ತೆಂದು ಹೇಳಬಲ್ಲವರು ಯಾರು? ಸಾಯುವ ಪಾತ್ರದಲ್ಲಿ ಅವರು ಅಷ್ಟು ಮೆರೆದದ್ದರಿಂದಲೇ ಕೊಲ್ಲುವ ಭೀಮನಿಗೂ ಬೆಲೆ. ರನ್ನನ ಗದಾಯುದ್ಧ ಓದಿದವರ ಅನುಭವವೂ ಇದೇ. ಗೆದ್ದ ಭೀಮನಿಗಿಂತ ಬಿದ್ದ ದುರ್ಯೋಧನನೇ ಮನಸ್ಸಿನಲ್ಲಿ ಉಳಿಯುತ್ತಾನೆ.

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಎಂದು ನಮ್ಮಲ್ಲಿ ಗಾದೆಯಿದೆ. ಸೋಲನ್ನು ಒಪ್ಪದ ಜಂಬದವರನ್ನು ಹಂಗಿಸಲು ಅದನ್ನು ಬಳಸುತ್ತೇವೆ. ಈ ವಿಷಯವನ್ನು ಯೋಚಿಸುತ್ತಾ ಹೋದಂತೆ ನಮಗೆ ಆ ಗಾದೆಗೆ ಇನ್ನೊಂದು ಅರ್ಥ ಹೊಳೆಯಿತು. ಮೀಸೆ ಮಣ್ಣಾಗದಂತೆ ಬೀಳುವುದು ಒಂದು ಮಹಾವಿದ್ಯೆ. ಬೀಳುವುದು ಪಟ್ಟು, ಮೀಸೆ ಗತ್ತು. ಒಂದೇ ಗಾದೆಯಲ್ಲಿ ನಮ್ಮ ಹಿರಿಯರು ಎರಡನ್ನೂ ಕಟ್ಟಿಟ್ಟಿದ್ದಾರೆ.

ನಾವಿರುವ ಈ ಒಮಾನಿನಲ್ಲಿ ನಾಟಕವೇ ಇಲ್ಲದ ಒಂದು ಕುಸ್ತಿಯೂ ಉಂಟು. ಬಾತಿನಾ ಕರಾವಳಿಯ ಬರ್ಕಾದಲ್ಲಿ ಚಳಿಗಾಲದ ಶುಕ್ರವಾರದ ಸಂಜೆ ನಡೆಯುವ ಹೋರಿಗಳ ಸೆಣಸನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಸ್ಪೇನಿನಂತೆ ಕತ್ತಿಯಿಲ್ಲ, ಕೊಲ್ಲುವುದಿಲ್ಲ. ಎರಡು ಹೋರಿಗಳು ತಲೆಗೆ ತಲೆ ಕೊಟ್ಟು ನೂಕುತ್ತವೆ. ಬೆನ್ನು ತಿರುಗಿಸಿ ಓಡಿದ್ದು ಸೋತಿತು. ಹಗ್ಗ ಹಿಡಿದವರು ಎಳೆದು ಬಿಡಿಸುತ್ತಾರೆ. ಹೋರಿಗೆ ಗತ್ತು ಗೊತ್ತಿಲ್ಲ, ಸೋತ ಅವಮಾನವೂ ಗೊತ್ತಿಲ್ಲ. ಆದರೆ ಗೋಡೆಯ ಮೇಲೆ ಕುಳಿತ ಒಮಾನಿ ಅಜ್ಜಂದಿರನ್ನು ನೋಡಿ. ಅವರಿಗೊಂದು ನೆಚ್ಚಿನ ಹೋರಿಯಿದೆ, ಅದರ ನಡಿಗೆಗೆ ಮೆಚ್ಚುಗೆಯಿದೆ, ಅದರ ಬಗ್ಗೆ ಹೇಳಲು ಕಥೆಯಿದೆ. ಗತ್ತು ಕಣದೊಳಗೆ ಮಾತ್ರ ಹುಟ್ಟುವುದಲ್ಲ. ನೋಡುವವರ ಕಣ್ಣೂ ಅದನ್ನು ಹುಟ್ಟಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ತೀರ್ಪು ಕೊಡದೆ ಇಳಿದರೆ ನೀವು ಬಿಡುವುದಿಲ್ಲ. ನಮ್ಮ ತೀರ್ಪು ಹೀಗಿದೆ: ಜನರನ್ನು ಎದ್ದು ನಿಲ್ಲಿಸುವುದು ಗತ್ತು. ಅದಿಲ್ಲದೆ ಪಟ್ಟು ಬಲ್ಲವನು ಕಸುಬುದಾರರ ನಡುವೆ ಗೌರವ ಪಡೆಯುತ್ತಾನೆ, ತಾರೆಯಾಗುವುದಿಲ್ಲ. ಈ ಮಟ್ಟಿಗೆ ಮಗನ ಮಾತು ಸರಿ. ಆದರೆ ಎದ್ದು ನಿಂತ ಜನರ ಮುಂದೆ ಇಬ್ಬರನ್ನೂ ಜೀವಂತವಾಗಿ ಉಳಿಸುವುದು ಪಟ್ಟು. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಕ್ಯಾಮರಾ ಅದನ್ನು ತೋರಿಸುವುದಿಲ್ಲ, ಟ್ರಂಪ್ ಕಾರ್ಡಿನಲ್ಲಿ ಅದಕ್ಕೂ ಸಾಲು ಇರಲಿಲ್ಲ. ಗತ್ತನ್ನು ನೋಡಿ ಚಪ್ಪಾಳೆ ತಟ್ಟಿ. ಗೌರವವನ್ನು ಮಾತ್ರ ಬೀಳಲು ಒಪ್ಪಿದ ಜೋಡಿಗೆ, ಅವನನ್ನು ಜೋಪಾನವಾಗಿ ಕೆಡವಿದ ಕೈಗೆ ಕೊಡಿ.

ಇದು ಕುಸ್ತಿಯ ಮಾತು ಮಾತ್ರವೇ? ರಜೆಗೆ ಊರಿಗೆ ಹೋದಾಗ ನಮಗೆಲ್ಲ ಸ್ವಲ್ಪ ಗತ್ತು ಬರುತ್ತದೆ. ಅತ್ತರು, ಖರ್ಜೂರ, ಹೊಸ ಫೋನು. ಊರಿನವರು ಎದ್ದು ನಿಲ್ಲುತ್ತಾರೆ. ಇಲ್ಲಿ ಮೇ ತಿಂಗಳ ಬಿಸಿಲಿನಲ್ಲಿ ಪಟ್ಟು ಹಾಕಿದ್ದು ಅವರಿಗೆ ಕಾಣುವುದಿಲ್ಲ. ಆ ಗತ್ತಿಗೆ ಬೀಳಲು ಒಪ್ಪಿದ ಜೋಡಿಯೂ ಉಂಟು: ಊರಿನಲ್ಲಿ ಒಬ್ಬರೇ ಉಳಿದು ಮನೆ ನಡೆಸಿದ ಅಪ್ಪ-ಅಮ್ಮ, ಕೆಲಸ ಬಿಟ್ಟು ಜೊತೆಗೆ ಬಂದ ಮಡದಿ, ಗೆಳೆಯರನ್ನು ಬಿಟ್ಟು ಬಂದ ಮಗು. ನಮ್ಮ ಮಕ್ಕಳಲ್ಲೂ ಕೆಲವರು ವೇದಿಕೆ ಹತ್ತಿದೊಡನೆ ಬೆಳಗುತ್ತಾರೆ, ಕೆಲವರು ಮೂಲೆಯಲ್ಲಿ ತಬಲಾದ ಲಯ ತಪ್ಪದಂತೆ ನೋಡಿಕೊಳ್ಳುತ್ತಾರೆ. ಬೆಳಗುವವರಿಗೆ ಪಟ್ಟು ಕಲಿಸೋಣ, ಪಟ್ಟು ಬಲ್ಲವರಿಗೆ ತೊಡೆ ತಟ್ಟುವ ಧೈರ್ಯ ಕಲಿಸೋಣ.

ಕೊನೆಯದಾಗಿ ಮಕ್ಕಳಿಗೆ ಎರಡು ಮಾತು. ಒಂದು, ಸೋಫಾದ ಮೇಲಿಂದ ತಮ್ಮನ ಮೇಲೆ ಹಾರಬೇಡಿ. ರಿಂಗಿನವರು ವರ್ಷಗಟ್ಟಲೆ ಬೀಳುವುದನ್ನು ಕಲಿತಿದ್ದಾರೆ, ನಿಮ್ಮ ತಮ್ಮ ಕಲಿತಿಲ್ಲ. ಎರಡು, ದಸರೆಗೆ ಊರಿಗೆ ಹೋಗುವ ಅವಕಾಶ ಸಿಕ್ಕರೆ ಜಂಬೂ ಸವಾರಿಯ ಜೊತೆಗೆ ಕುಸ್ತಿಯನ್ನೂ ತೋರಿಸಿ ಎಂದು ಅಪ್ಪನನ್ನು ಹಟ ಹಿಡಿದು ಕೇಳಿ. ಅಲ್ಲೀಗ ಹೆಣ್ಣುಮಕ್ಕಳೂ ಸೆಣಸುತ್ತಾರೆ. ಅವರಿಗೆಂದೇ 'ದಸರಾ ಕಿಶೋರಿ' ಪ್ರಶಸ್ತಿಯಿದೆ. ಪಂದ್ಯ ಮುಗಿದ ಮೇಲೆ ಗೆದ್ದವರ ಕಡೆಗೆ ಎಲ್ಲರೂ ನೋಡುತ್ತಾರೆ. ನೀವು ಒಂದು ಕ್ಷಣ, ಮೈಗೆ ಅಂಟಿದ ಮಣ್ಣು ಕೊಡವಿಕೊಂಡು ಏಳುತ್ತಿರುವ ಜೋಡಿಯ ಕಡೆಗೆ ನೋಡಿ.

ಊಟದ ವೇಳೆಯಾಯಿತು.